ಮಾನಿಟರ್ ತರುವ ಮುಂಚೆ ಮೇಜು ಅಳೆಯಿರಿ

"27 ಇಂಚು ಸಾಕಾ ಸರ್, 32 ತಗೊಳ್ಳಲಾ?" ಮನೆಯಿಂದ ಕೆಲಸ ಮಾಡುವವರಿಗೆ ಕಂಪ್ಯೂಟರ್ ಜೋಡಿಸಿಕೊಡುವ ನನಗೆ ಬರುವ ಮೊದಲ ಪ್ರಶ್ನೆಯೇ ಇದು. ನಾನು ತಿರುಗಿ ಕೇಳುವುದು, ಗೋಡೆಯಿಂದ ನೀವು ಕೂರುವ ಅಂಚಿನವರೆಗೆ ಮೇಜು ಎಷ್ಟಿದೆ ಅಂತ.

ಎಷ್ಟೋ ಮನೆಗಳಲ್ಲಿ ಅದು ಒಂದೂವರೆ ಅಡಿಯ ಸ್ಟಡಿ ಟೇಬಲ್. ಸ್ಟ್ಯಾಂಡೇ ಅರ್ಧ ಅಡಿ ನುಂಗುತ್ತದೆ. ಕಣ್ಣಿಗೂ ಪರದೆಗೂ ನಡುವೆ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್ ದೂರ ಬೇಕು. 24 ಇಂಚು ಅನ್ನುವುದು ಮೂಲೆಯಿಂದ ಮೂಲೆಗಿನ ಅಳತೆ. ಅಗಲ ಸುಮಾರು 53 ಸೆಂಟಿಮೀಟರ್. 32 ಇಂಚಿನದು 70 ದಾಟುತ್ತದೆ. ಅದನ್ನು ಚಿಕ್ಕ ಮೇಜಿನ ಮೇಲಿಟ್ಟರೆ ಮೂಲೆಯಲ್ಲಿರುವ ಗಡಿಯಾರ ನೋಡಲೂ ಕತ್ತು ತಿರುಗಿಸಬೇಕು. ದೊಡ್ಡದೇ ಬೇಕು ಅನ್ನುವವರು ಗೋಡೆಗೆ ಬ್ರಾಕೆಟ್ ಹಾಕಿಸಿ. ಮಾನಿಟರ್ ಬೆನ್ನಿಗೆ ಅದಕ್ಕೆ ಬೇಕಾದ ನಾಲ್ಕು ಸ್ಕ್ರೂ ತೂತು ಇವೆಯಾ ಅಂತ ಮೊದಲೇ ನೋಡಿಕೊಳ್ಳಿ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ.

ಇಂಚಿಗಿಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಅಕ್ಷರದ ಬಗ್ಗೆ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕಿ, ಇರುತ್ತವೆ. ಅದೇ 1920×1080 ಪಿಕ್ಸೆಲ್‌ಗಳನ್ನು 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತವೆ. ಇಂಗ್ಲಿಷ್ ಮೇಲ್ ಓದಲು ಹೇಗೋ ನಡೆಯುತ್ತದೆ. ಕನ್ನಡ ಓದುವವರಿಗೆ ನಡೆಯುವುದಿಲ್ಲ. ದ, ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ಅಲ್ವಾ? ಒತ್ತಕ್ಷರಗಳಂತೂ ಮೊದಲೇ ಪುಟಾಣಿ. 'ಸ್ತ್ರೀ' ಅನ್ನುವಲ್ಲಿ ಎರಡು ಒತ್ತುಗಳೂ ಸೇರಿ ಒಂದು ಕಪ್ಪು ಚುಕ್ಕೆಯಂತಾಗುತ್ತವೆ.

ಹಾಗಾಗಿ 27 ಇಂಚು ತಗೊಳ್ಳುವುದಾದರೆ 2560×1440 ಇರಲಿ. ಇಂಚಿಗೆ 109 ಪಿಕ್ಸೆಲ್ ಸಿಗುತ್ತದೆ. ಅದೇ 1440 ಅನ್ನು 32 ಇಂಚಿನಲ್ಲಿ ಕೊಂಡರೆ ಮತ್ತೆ 92ಕ್ಕೇ ಬಂದಿರಿ. 32ಕ್ಕೆ 4ಕೆ, ಅಂದರೆ 3840×2160 ಇದ್ದರೇ ಚೆಂದ. ಅಂಗಡಿಯಲ್ಲಿ ಹೂವು, ಸಮುದ್ರದ ವಿಡಿಯೊ ಹಾಕಿರುತ್ತಾರೆ, ಅದರಲ್ಲಿ ಎಲ್ಲ ಪರದೆಯೂ ಚೆನ್ನಾಗೇ ಕಾಣುತ್ತದೆ. ಯಾವುದಾದರೂ ಕನ್ನಡ ಸುದ್ದಿ ಪುಟ ತೆರೆಸಿ, ಮನೆಯಲ್ಲಿ ಕೂರುವಷ್ಟೇ ದೂರ ನಿಂತು ನಾಲ್ಕು ಸಾಲು ಓದಿ ನೋಡಿ.

4ಕೆ ತಂದ ಮೇಲೆ ಮೌಸ್ ಬಾಣ ತಡವರಿಸುತ್ತಾ ಓಡಿದರೆ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿಸುತ್ತದೆ ಅಂತ ನೋಡಿ. 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಸಲ ಅಂತ ಇದ್ದರೆ ಎಷ್ಟೋ ಸಲ ಕಾರಣ ಮಾನಿಟರ್ ಜೋಡಿಸುವ ಹಳೆಯ ಎಚ್‌ಡಿಎಂಐ ಪೋರ್ಟ್. ಲ್ಯಾಪ್‌ಟಾಪಿನದು ಎಚ್‌ಡಿಎಂಐನ 1.4 ಆವೃತ್ತಿ ಆಗಿದ್ದರೆ 4ಕೆಯಲ್ಲಿ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಯುಎಸ್‌ಬಿ-ಸಿಯಲ್ಲಿ ಚಿತ್ರ ಬರುವ ಲ್ಯಾಪ್‌ಟಾಪ್ ಆದರೆ ಅದರಿಂದ ಜೋಡಿಸಿ.

ಎರಡು ಮಾನಿಟರ್ ಇಡುವವರು ಅವೆರಡರ ಸಂದಿಯನ್ನು ಮೂಗಿನ ನೇರಕ್ಕೆ ಇಟ್ಟುಕೊಂಡು ದಿನವಿಡೀ ಕತ್ತು ಓರೆ ಮಾಡಿ ಕೂರುತ್ತಾರೆ. ಜಾಸ್ತಿ ನೋಡುವ ಪರದೆ ನಿಮ್ಮ ಎದುರಿಗೇ ಇರಲಿ, ಇನ್ನೊಂದು ಪಕ್ಕಕ್ಕೆ ಸ್ವಲ್ಪ ಮುರಿದುಕೊಂಡಿರಲಿ. ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ.

ಎತ್ತರದ ಲೆಕ್ಕ ಸುಲಭ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಆದರೆ ಪ್ರೋಗ್ರೆಸಿವ್ ಕನ್ನಡಕ, ಅಂದರೆ ದೂರದ್ದಕ್ಕೂ ಹತ್ತಿರದ್ದಕ್ಕೂ ಒಂದೇ ಗಾಜು ಇರುವಂಥದ್ದು, ಹಾಕುವವರಿಗೆ ಈ ಲೆಕ್ಕ ಸರಿಹೋಗುವುದಿಲ್ಲ. ಹತ್ತಿರದ್ದನ್ನು ಅವರು ಗಾಜಿನ ಕೆಳಭಾಗದಿಂದ ನೋಡಬೇಕು. ಅದಕ್ಕೇ ಗಲ್ಲ ಎತ್ತಿ ಓದುತ್ತಾರೆ, ಸಂಜೆಗೆ ಕತ್ತು ನೋವು. ಅಂಥವರ ಮನೆಯಲ್ಲಿ ಪರದೆಯನ್ನು ಇನ್ನೂ ನಾಲ್ಕು ಬೆರಳು ಇಳಿಸಿ, ತುಸು ಹಿಂದಕ್ಕೆ ವಾಲಿಸಿ ಕೊಡುತ್ತೇನೆ. ಆಗಲೂ ನೋವು ಹೋಗದಿದ್ದರೆ ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಮಾಡಿಸಬಹುದು. ಡಾಕ್ಟರ ಹತ್ತಿರ ಹೋಗುವಾಗ ಕಣ್ಣಿಗೂ ಪರದೆಗೂ ಎಷ್ಟು ದೂರ ಅಂತ ಬರೆದುಕೊಂಡು ಹೋಗಿ.