ಲಾಕ್‌ಡೌನ್ ವರ್ಷದ ಆರು ಲಕ್ಷ ಮಕ್ಕಳು

ಜನಸಂಖ್ಯೆಯ ಲೆಕ್ಕ ನೋಡುವುದು ನನ್ನ ಕೆಲಸ. ಮಾರುಕಟ್ಟೆ ಸ್ವಲ್ಪ ಅಲುಗಾಡಿದರೆ ಸಾಕು, ಯಾರಾದರೂ ಪತ್ರಕರ್ತರ ಫೋನ್ ಬರುತ್ತದೆ. ‘ಸಾರ್, ಕೆಲಸ ಹೋದ್ರೆ ಜನ ಮಕ್ಕಳು ಮಾಡ್ಕೊಳ್ಳೋದು ಕಡಿಮೆ ಆಗುತ್ತಾ?’ ಆಗುತ್ತೆ. ಆದರೆ ಅವರು ಉದಾಹರಣೆಗೆ ಹಿಡಿಯುವ ವರ್ಷ ಮಾತ್ರ ಹೆಚ್ಚಾಗಿ ತಪ್ಪಾಗಿರುತ್ತದೆ.

2019ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಜನನ ಸುಮಾರು 2.48 ಕೋಟಿ. 2020ರಲ್ಲಿ 2.42 ಕೋಟಿ. ಹತ್ತಿರ ಹತ್ತಿರ ಆರು ಲಕ್ಷ ಕಡಿಮೆ. ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತಿತು, ಮಕ್ಕಳೂ ಕಡಿಮೆಯಾದರು ಎಂದು ಬರೆದುಬಿಡಬಹುದು ಅಲ್ವಾ? ಕ್ಯಾಲೆಂಡರ್ ತೆಗೆದು ನೋಡಿ. ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ಕ್ಕೆ. ಅವತ್ತೇ ಗರ್ಭ ನಿಂತಿದ್ದರೂ ಮಗು ಹುಟ್ಟುವುದು ಡಿಸೆಂಬರ್ ಮಧ್ಯಕ್ಕೆ. ಅಂದರೆ ಆ ವರ್ಷ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಲಾಕ್‌ಡೌನ್‌ಗೆ ಮೊದಲೇ ಹೊಟ್ಟೆಯಲ್ಲಿದ್ದವರು. ಹಾಗಾದರೆ ಆ ವರ್ಷ ಕುಸಿದಿದ್ದು ಬಹುಮಟ್ಟಿಗೆ ನೋಂದಣಿ, ಜನನವಲ್ಲ. ಮಗು ಹುಟ್ಟಿದ 21 ದಿನದೊಳಗೆ ಬರೆಸಬೇಕು ಎಂದು ನಿಯಮವೇನೋ ಇದೆ. ಬಸ್ಸೇ ಓಡದ, ಕಚೇರಿಯೇ ತೆರೆಯದ ತಿಂಗಳುಗಳಲ್ಲಿ ಬರೆಸುವವರು ಯಾರು?

ಹಾಗಾಗಿ ನಮ್ಮ ಮೊದಲ ಪಾಠ ಇದು: ಜನನದ ಅಂಕಿ ಕೈಗೆ ಬಂದರೆ ಒಂಬತ್ತು ತಿಂಗಳು ಹಿಂದಕ್ಕೆ ಸರಿಸಿ ನೋಡು. ಎರಡನೆಯದು, ಒಟ್ಟು ಸಂಖ್ಯೆ ಬಿಟ್ಟು ತಾಯಿಯ ವಯಸ್ಸಿನ ಕಾಲಂ ನೋಡು. ಕಥೆ ಇರುವುದು ಅಲ್ಲಿ.

ಅದಕ್ಕೆ ಒಳ್ಳೆಯ ಉದಾಹರಣೆ 2008ರ ಅಮೆರಿಕ. ಆಗ ಅಲ್ಲಿ ಆರ್ಥಿಕ ಹಿಂಜರಿತ, ಅಂದರೆ ವ್ಯಾಪಾರ ಕುಸಿದು ಕೆಲಸಗಳು ಹೋಗುವ ಕಾಲ. 2007ರಲ್ಲಿ ಅಲ್ಲಿ 43.16 ಲಕ್ಷ ಮಕ್ಕಳು ಹುಟ್ಟಿದ್ದರು. ಆ ದೇಶದ ಇತಿಹಾಸದಲ್ಲೇ ಅದು ದಾಖಲೆ. ನಾಲ್ಕೇ ವರ್ಷದಲ್ಲಿ, 2011ರ ಹೊತ್ತಿಗೆ, ಅದು 39.5 ಲಕ್ಷಕ್ಕೆ ಇಳಿಯಿತು. ಈಗ ವಯಸ್ಸಿನ ಕಾಲಂಗೆ ಬನ್ನಿ. 20ರಿಂದ 24 ವರ್ಷದ ಸಾವಿರ ಹೆಂಗಸರಿಗೆ 2007ರಲ್ಲಿ ಸುಮಾರು 105 ಮಕ್ಕಳು ಹುಟ್ಟುತ್ತಿದ್ದರು. 2011ರಲ್ಲಿ 85. ನಲವತ್ತು ದಾಟಿದವರಲ್ಲಿ ಮಾತ್ರ ಇಳಿಯಲೇ ಇಲ್ಲ, ಚೂರು ಏರಿತು. ಕಷ್ಟ ಇಬ್ಬರಿಗೂ ಒಂದೇ. ಇಪ್ಪತ್ತೆರಡರ ಹುಡುಗಿ ‘ಇನ್ನೆರಡು ವರ್ಷ ಹೋಗಲಿ’ ಅನ್ನಬಹುದು. ನಲವತ್ತೊಂದರವಳಿಗೆ ಕಾಯೋದಕ್ಕೆ ವರ್ಷಗಳು ಎಲ್ಲಿವೆ?

ಊರಿಂದ ಊರಿಗೂ ವ್ಯತ್ಯಾಸವಿತ್ತು. ಅರಿಝೋನಾದಲ್ಲಿ ಮನೆ ಕಟ್ಟುವ ಧಂದೆಯೇ ಮಲಗಿತು, ಹೆರಿಗೆಗಳೂ ಜೋರಾಗಿ ಇಳಿದವು. ನಾರ್ತ್ ಡಕೋಟಾದಲ್ಲಿ ನಿರುದ್ಯೋಗ ಕಡಿಮೆ ಇತ್ತು, ಜನನ ಪ್ರಮಾಣವೂ ಬೀಳಲಿಲ್ಲ. ಎಲ್ಲರಿಗಿಂತ ಜಾಸ್ತಿ ಇಳಿದಿದ್ದು ಮೆಕ್ಸಿಕೋದಿಂದ ಬಂದು ನೆಲೆಸಿದ್ದ ಹೆಂಗಸರಲ್ಲಿ. ಅವರ ಗಂಡಂದಿರಲ್ಲಿ ಬಹಳ ಜನ ಕಟ್ಟಡ ಕೆಲಸ ನಂಬಿದವರು.

ಮುಂದೂಡಿದ್ದು ಆಮೇಲೆ ಬರುತ್ತದಾ? ಎಲ್ಲ ಬರುವುದಿಲ್ಲ. ಜಾನೆಟ್ ಕರಿ ಮತ್ತು ಹಾನೆಸ್ ಶ್ವಾಂಟ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 14 ಕೋಟಿಗೂ ಹೆಚ್ಚು ಜನನ ದಾಖಲೆ ಜಾಲಾಡಿ 2014ರಲ್ಲಿ ಒಂದು ಲೆಕ್ಕ ಕೊಟ್ಟರು. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ನಿರುದ್ಯೋಗದ ಬಿಸಿ ತಟ್ಟಿದ ಹೆಂಗಸರಿಗೆ ನಲವತ್ತು ತುಂಬುವ ಹೊತ್ತಿಗೆ ಕೊರತೆ ತುಂಬುವುದಿರಲಿ, ಇನ್ನೂ ದೊಡ್ಡದಾಗಿರುತ್ತದೆ. ಇದು ಎರಡು ಮಕ್ಕಳ ಜಾಗದಲ್ಲಿ ಒಂದು ಸಾಕು ಅಂದವರಿಂದ ಆದದ್ದಲ್ಲ. ಮುಖ್ಯವಾಗಿ ಮಕ್ಕಳೇ ಇಲ್ಲದೆ ಉಳಿದವರಿಂದ ಆದದ್ದು. 1930ರ ದಶಕದ ಮಹಾ ಕುಸಿತದ ಕಾಲದಲ್ಲೂ ಹೀಗೇ ಆಗಿತ್ತು. ಆಗ ಹೆರುವ ವಯಸ್ಸಿನಲ್ಲಿದ್ದ ಅಮೆರಿಕನ್ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೊನೆತನಕ ಮಕ್ಕಳಾಗಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಅಮೆರಿಕದಲ್ಲಿ ಹಿಂಜರಿತ ಶುರುವಾಗುವ ಕೆಲವು ತಿಂಗಳು ಮೊದಲೇ ಗರ್ಭ ನಿಲ್ಲುವುದು ಕಡಿಮೆಯಾಗುತ್ತಾ ಬಂದಿರುತ್ತದೆ. ಟಿವಿಯಲ್ಲಿ ಕೂರುವ ಪಂಡಿತರಿಗಿಂತ ಮನೆಯವರಿಗೆ ಮೊದಲು ವಾಸನೆ ಸಿಗುತ್ತದೆ ಅನ್ನಿ.

ಹಾಗಂತ ‘ಆದಾಯ ಇಳಿದರೆ ಮಕ್ಕಳು ಇಳಿಯುತ್ತಾರೆ’ ಎಂದು ಸೂತ್ರ ಬರೆದಿಟ್ಟುಕೊಂಡರೆ ಫಿನ್‌ಲ್ಯಾಂಡ್ ಅದನ್ನು ಹರಿದು ಹಾಕುತ್ತದೆ. ಸೋವಿಯತ್ ಒಕ್ಕೂಟ ಮುರಿದಾಗ ಫಿನ್‌ಲ್ಯಾಂಡಿನ ವ್ಯಾಪಾರವೂ ಮುರಿಯಿತು. ಅಲ್ಲಿ 1990ರಲ್ಲಿ ಶೇ. 3ರಷ್ಟಿದ್ದ ನಿರುದ್ಯೋಗ 1994ಕ್ಕೆ ಶೇ. 16 ದಾಟಿತು. ಮಕ್ಕಳು? 1990ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.78 ಇದ್ದದ್ದು 1994ಕ್ಕೆ 1.85 ಆಯಿತು. ಮೂರು ವರ್ಷದೊಳಗಿನ ಮಗುವನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಅಲ್ಲಿ ಸರ್ಕಾರ ತಿಂಗಳ ಭತ್ಯೆ ಕೊಡುತ್ತಿತ್ತು. ಹೇಗಿದ್ದರೂ ಕೆಲಸ ಸಿಗುವುದಿಲ್ಲ, ಮಗುವಾದರೂ ಆಗಲಿ ಎಂದು ಬಹಳ ಹೆಂಗಸರು ಯೋಚಿಸಿರಬೇಕು. ಅದೇ ದೇಶದಲ್ಲಿ 2010ರಲ್ಲಿ 1.87 ಇದ್ದ ಸರಾಸರಿ 2023ಕ್ಕೆ 1.26ಕ್ಕೆ ಬಿತ್ತು. ಆ ಹದಿಮೂರು ವರ್ಷದಲ್ಲಿ ತೊಂಬತ್ತರ ದಶಕದಂಥ ಪೆಟ್ಟು ಏನೂ ಬಿದ್ದಿರಲಿಲ್ಲ.

ಕೋವಿಡ್ ಕಾಲದ ಅಮೆರಿಕವೂ ಹಾಗೇ. 2020ರ ಜೂನ್‌ನಲ್ಲಿ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಮರುವರ್ಷ ಮೂರರಿಂದ ಐದು ಲಕ್ಷ ಮಕ್ಕಳು ಕಡಿಮೆ ಹುಟ್ಟುತ್ತಾರೆ ಅಂದಿದ್ದರು. 2021ರಲ್ಲಿ ಹಿಂದಿನ ವರ್ಷಕ್ಕಿಂತ ಒಂದಿಷ್ಟು ಸಾವಿರ ಜಾಸ್ತಿಯೇ ಹುಟ್ಟಿದರು. ಸರ್ಕಾರ ಮನೆಮನೆಗೆ ಚೆಕ್ ಕಳಿಸಿತ್ತು, ಹೋದ ಕೆಲಸವೂ ಬೇಗ ವಾಪಸ್ ಬಂತು. ನನ್ನ ಅಭಿಪ್ರಾಯ ಕೇಳಿದರೆ, ಈ ತಿಂಗಳ ಸಂಬಳ ಎಷ್ಟು ಅನ್ನುವುದಕ್ಕಿಂತ ಮೂರು ವರ್ಷ ಆದಮೇಲೂ ಸಂಬಳ ಇರುತ್ತದಾ ಅನ್ನುವುದೇ ದೊಡ್ಡ ಪ್ರಶ್ನೆ.

ಇಷ್ಟಾದರೂ ದೇಶದ ಜನಸಂಖ್ಯೆ ಒಂದು ಹಿಂಜರಿತಕ್ಕೆ ಕುಗ್ಗುವುದಿಲ್ಲ. ಆದರೆ ವಯಸ್ಸಿನ ಏಣಿಯಲ್ಲಿ ಒಂದು ಮೆಟ್ಟಿಲು ಸಣ್ಣದಾಗುತ್ತದೆ, ಆ ಮೆಟ್ಟಿಲು ಮೇಲಕ್ಕೆ ಸಾಗುತ್ತಲೇ ಇರುತ್ತದೆ. ರಷ್ಯಾದಲ್ಲಿ 1987ರಲ್ಲಿ ಸುಮಾರು 25 ಲಕ್ಷ ಮಕ್ಕಳು ಹುಟ್ಟಿದ್ದರು. ವ್ಯವಸ್ಥೆ ಕುಸಿದ ಮೇಲೆ, 1999ರಲ್ಲಿ, ಅದರ ಅರ್ಧದಷ್ಟು. ಆಗ ಹುಟ್ಟದ ಹೆಣ್ಣುಮಕ್ಕಳು ಇಪ್ಪತ್ತೈದು ವರ್ಷದ ಮೇಲೆ ತಾಯಂದಿರಾಗಲು ಇರಲಿಲ್ಲ. 2010ರ ದಶಕದ ನಡುವಿನಿಂದ ಅಲ್ಲಿ ಜನನ ಮತ್ತೆ ಇಳಿದದ್ದಕ್ಕೆ ಇದೊಂದು ದೊಡ್ಡ ಕಾರಣ.

ನಮ್ಮ ಹಳೇ ಮೈಸೂರಿನ ಕಥೆ ಬೇರೆ ಥರದ್ದು. 1871ರ ಗಣತಿಯಲ್ಲಿ ಸಂಸ್ಥಾನದ ಜನ 50.5 ಲಕ್ಷ, 1881ರಲ್ಲಿ 41.9 ಲಕ್ಷ. ನಡುವೆ ಬಂದದ್ದು ಧಾತು ಈಶ್ವರ ಸಂವತ್ಸರಗಳ ಬರ. ಅದು ಸಾವಿನ ಲೆಕ್ಕ, ಅದನ್ನು ಇವತ್ತಿನ ಹಿಂಜರಿತದ ಪಕ್ಕ ಇಡಬಾರದು.

ಇವತ್ತಿನ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಮಕ್ಕಳ ಸರಾಸರಿ ಆಗಲೇ 1.7ಕ್ಕೆ ಬಂದಿದೆ. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಹಿಂಜರಿತ ಬಂದರೆ ಇಲ್ಲಿ ಜನನದ ಅಂಕಿ ಅಮೆರಿಕದ ಹಾಗೆ ಏರಿಳಿದು ಕುಣಿಯುವುದಿಲ್ಲ. ನಮ್ಮಲ್ಲಿ ಮದುವೆಯಾದ ಆರು ತಿಂಗಳಿಗೇ ‘ಏನಾದ್ರೂ ವಿಶೇಷ ಇದೆಯಾ?’ ಶುರು. ಮೊದಲ ಮಗು ಬೇಗ, ಎರಡನೆಯದೂ ಬೇಗ, ಆಮೇಲೆ ಆಪರೇಷನ್. ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಮೂವತ್ತಕ್ಕೆ ಮೊದಲೇ ಲೆಕ್ಕ ಮುಗಿಸಿದವರು ಏನನ್ನು ಮುಂದೂಡುತ್ತಾರೆ?

ಮುಂದೂಡುವುದು ಅಂತ ಇದ್ದರೆ ಅದು ಮದುವೆಯನ್ನು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಸುದ್ದಿ ಓದಿ ನಕ್ಕವರೇ ಹೆಚ್ಚು. ಅದರ ಹಿಂದೆ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಿರುವ ಸಮಸ್ಯೆಯೂ ಇದೆ, ಒಪ್ಪುತ್ತೇನೆ. ಆದರೆ ಆ ಹುಡುಗರಲ್ಲಿ ಬಹಳ ಜನ ಬೇಸಾಯಗಾರರು. ‘ಜಮೀನಿದೆ ಸರಿ, ಕೆಲಸ ಏನು?’ ಎಂದು ಹೆಣ್ಣಿನ ಕಡೆಯವರು ಕೇಳಿದರೆ ಉತ್ತರ ಇಲ್ಲ. ಬೆಳೆಗೆ ಬೆಲೆ ಬಿದ್ದ ವರ್ಷ ಕೈತಪ್ಪಿದ ಸಂಬಂಧ ಜನನದ ಅಂಕಿಗೆ ಬರಲು ಒಂಬತ್ತು ತಿಂಗಳಲ್ಲ, ನಾಲ್ಕೈದು ವರ್ಷ ಬೇಕು.

ಅದನ್ನು ಹಿಡಿಯುವ ದಾರಿ ನಮ್ಮ ಜನನ ವರದಿ ನಮೂನೆಯಲ್ಲೇ ಇದೆ. ಸರ್ಟಿಫಿಕೇಟಿಗೆ ಬಾರದ ಒಂದು ಭಾಗದಲ್ಲಿ ತಾಯಿಗೆ ಮದುವೆಯಾದಾಗ ಎಷ್ಟು ವಯಸ್ಸು, ಹೆರಿಗೆಯಾದಾಗ ಎಷ್ಟು, ಇದು ಎಷ್ಟನೇ ಮಗು ಎಂದೆಲ್ಲ ಕೇಳುತ್ತಾರೆ. ಸರ್ಟಿಫಿಕೇಟಿಗೆ ಬೇಕಿಲ್ಲವಲ್ಲ ಎಂದು ಹೆರಿಗೆ ವಾರ್ಡಿನ ಗಡಿಬಿಡಿಯಲ್ಲಿ ಅದಕ್ಕೆ ಸುಮ್ನೆ ಏನೋ ಒಂದು ಗೀಚುವುದೂ ಉಂಟು. ನಾನು ಜಿಲ್ಲೆಯ ಪಟ್ಟಿ ಕೈಗೆ ಬಂದ ತಕ್ಷಣ ಮೊದಲು ಬಿಡಿಸುವುದು ಆ ಕಾಲಂಗಳನ್ನೇ.