ಗಂಡಸರ ಮೂಳೆ ಕಾಯುವುದು ಯಾವ ಹಾರ್ಮೋನು?

ಪ್ರಶ್ನೆ: ನನಗೆ 69 ವರ್ಷ. ಡೆಕ್ಸಾ ಸ್ಕ್ಯಾನ್‌ನಲ್ಲಿ (ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಎಕ್ಸ್‌ರೇ) ಮೂಳೆ ಸವೆದಿದೆ ಅಂತ ಬಂದಿದೆ. ಗಂಡು ಹಾರ್ಮೋನು ಕಡಿಮೆಯಾಗಿ ಹೀಗಾಗಿದೆ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಸರಿಹೋಗುತ್ತೆ ಅಂತಾರೆ ಗೆಳೆಯರು. ನಿಜವೇ?

ಉತ್ತರ: ಹಾರ್ಮೋನಿಗೂ ಮೂಳೆಗೂ ನಂಟಿರುವುದು ನಿಜ. ಆದರೆ ನಿಮ್ಮ ಗೆಳೆಯರು ಹಾರ್ಮೋನಿನ ಹೆಸರನ್ನೇ ತಪ್ಪು ಹೇಳಿದ್ದಾರೆ. ಗಂಡಸರ ಮೂಳೆಯನ್ನೂ ಹೆಚ್ಚಾಗಿ ಕಾಯುವುದು ಈಸ್ಟ್ರೋಜೆನ್. ಹೌದು, ಹೆಣ್ಣಿನ ಹಾರ್ಮೋನು ಅಂತ ನಾವೆಲ್ಲ ಕರೆಯುತ್ತೇವಲ್ಲ, ಅದೇ.

1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬನ ಬಗ್ಗೆ ಬರೆದರು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಎಕ್ಸ್‌ರೇಯಲ್ಲಿ ಕಂಡಿದ್ದು 15ರ ಹುಡುಗನ ಮೂಳೆ. ತುದಿಗಳು ಇನ್ನೂ ಕೂಡಿಕೊಂಡಿರಲಿಲ್ಲ, ಮೂಳೆಯಲ್ಲಿ ಗಟ್ಟಿಯೂ ಇರಲಿಲ್ಲ. ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ರಕ್ತದಲ್ಲಿ ಈಸ್ಟ್ರೋಜೆನ್ ಕೂಡ ಬೇಕಾದಷ್ಟಿತ್ತು. ಆದರೆ ಒಂದು ಜೀನ್ ಕೆಟ್ಟು, ಅವನ ಜೀವಕೋಶಗಳಿಗೆ ಈಸ್ಟ್ರೋಜೆನ್ನಿನ ಮಾತು ಕೇಳಿಸುತ್ತಲೇ ಇರಲಿಲ್ಲ.

ಗಂಡಸರಿಗೆ ಈಸ್ಟ್ರೋಜೆನ್ ಎಲ್ಲಿಂದ ಬರುತ್ತೆ? ಟೆಸ್ಟೋಸ್ಟೆರಾನಿನಿಂದಲೇ. ಕೊಬ್ಬಿನಲ್ಲಿ, ಮೂಳೆಯಲ್ಲಿ, ಇನ್ನೂ ಹಲವು ಕಡೆ ಅರೋಮಟೇಸ್ ಎಂಬ ಕಿಣ್ವ ಇದೆ. ಅದು ಸ್ವಲ್ಪ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜೆನ್ ಆಗಿ ಬದಲಾಯಿಸುತ್ತದೆ. 2000ನೇ ಇಸವಿಯಲ್ಲಿ ವಯಸ್ಸಾದ ಗಂಡಸರಲ್ಲಿ ಎರಡೂ ಹಾರ್ಮೋನುಗಳನ್ನು ಔಷಧಿಯಿಂದ ತಡೆದು, ಬೇರೆಬೇರೆಯಾಗಿ ವಾಪಸ್ ಕೊಟ್ಟು ನೋಡಿದರು. ಮೂಳೆ ಕರಗುವುದನ್ನು ತಡೆಯುವ ಕೆಲಸದಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಈಸ್ಟ್ರೋಜೆನ್ನಿನದೇ ಆಗಿತ್ತು.

ಹೆಂಗಸರಿಗೆ ಮುಟ್ಟು ನಿಂತಾಗ ಈಸ್ಟ್ರೋಜೆನ್ ಧಡಕ್ಕನೆ ಇಳಿಯುತ್ತದೆ. ಗಂಡಸರಲ್ಲಿ ಸದ್ದಿಲ್ಲದೆ, ವರ್ಷವರ್ಷ ಚೂರುಚೂರೇ. ಜೊತೆಗೆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ವಯಸ್ಸಾದಂತೆ ರಕ್ತದಲ್ಲಿ ಜಾಸ್ತಿಯಾಗುತ್ತದೆ, ಕೆಲಸಕ್ಕೆ ಸಿಗುವ ಹಾರ್ಮೋನು ಇನ್ನೂ ಕಡಿಮೆಯಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟೆರಾನ್ ತಡೆಯುವ ಚಿಕಿತ್ಸೆ ಪಡೆದವರ ಮೂಳೆ ಬೇಗ ಸವೆಯುವುದೂ ಇದಕ್ಕೇ: ಕಚ್ಚಾ ಮಾಲೇ ಇಲ್ಲದ ಮೇಲೆ ಈಸ್ಟ್ರೋಜೆನ್ ಎಲ್ಲಿಂದ ಬರಬೇಕು?

ಹಾಗಾದರೆ ಟೆಸ್ಟೋಸ್ಟೆರಾನ್ ಕೊಟ್ಟರೆ ಎರಡೂ ಸಿಗಬೇಕಲ್ವಾ? ಲೆಕ್ಕ ಹಾಗೇ ಇತ್ತು. 2017ರ ಅಧ್ಯಯನವೊಂದರಲ್ಲಿ ಸ್ಕ್ಯಾನಿನ ಅಂಕಿ ಏರಿತು ಕೂಡ. ಆದರೆ 2024ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶ ಬೇರೆಯೇ. ಟೆಸ್ಟೋಸ್ಟೆರಾನ್ ಕಡಿಮೆ ಇದ್ದ ಸುಮಾರು 5,200 ಗಂಡಸರಲ್ಲಿ ಅರ್ಧ ಜನ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಂಡರು, ಉಳಿದವರು ಸುಮ್ನೆ ಔಷಧಿ ಇಲ್ಲದ ಜೆಲ್. ಮೂಳೆ ಮುರಿದದ್ದು ಔಷಧಿ ಹಚ್ಚಿದವರಲ್ಲೇ ಜಾಸ್ತಿ: ಶೇ. 3.5. ಉಳಿದವರಲ್ಲಿ ಸುಮಾರು ಶೇ. 2.5. ಸ್ಕ್ಯಾನ್ ಅಂಕಿ ಏರಿತು ಅಂದಮಾತ್ರಕ್ಕೆ ಮೂಳೆ ಮುರಿಯುವುದಿಲ್ಲ ಅಂತಲ್ಲ.

ಹಾಗಾಗಿ ಮೂಳೆಗೋಸ್ಕರ ಮಾತ್ರ ಇಂಜೆಕ್ಷನ್ ತಗೋಬೇಡಿ ಅಂತಲೇ ನನ್ನ ಮಾತು. ಟೆಸ್ಟೋಸ್ಟೆರಾನ್ ನಿಜಕ್ಕೂ ಕಡಿಮೆಯಿದ್ದು (ಎರಡು ಸಲ, ಬೆಳಿಗ್ಗೆ ರಕ್ತ ಕೊಟ್ಟು ನೋಡಬೇಕು) ಬೇರೆ ತೊಂದರೆಗಳೂ ಇದ್ದರೆ, ಆ ಚಿಕಿತ್ಸೆಯ ಮಾತು ಬೇರೆ. ಮೂಳೆಗೆ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್‌ನಂಥ ಔಷಧಿಗಳಿವೆ. ಸ್ಟೀರಾಯ್ಡ್ ಮಾತ್ರೆ, ಕುಡಿತ, ಥೈರಾಯ್ಡ್, ವಿಟಮಿನ್ ಡಿ, ಇವನ್ನೂ ಡಾಕ್ಟರ ಹತ್ತಿರ ಮಾತಾಡಿ.

ಹೋಗುವ ಮೊದಲು ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರ ಅಳೆಸಿಕೊಳ್ಳಿ. ಹರೆಯದಲ್ಲಿ ಇದ್ದುದಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಬೆನ್ನುಮೂಳೆ ಕುಸಿದಿರಬಹುದು. ಬೆನ್ನಿನ ಎಕ್ಸ್‌ರೇ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.