ಬ್ಯಾಟರಿಯ ತಲೆಗೆ ಕಟ್ಟುವ ಡಯೋಡಿನ ದೋಷ

ಕಳೆದ ಮಳೆಗಾಲದಲ್ಲಿ ನನ್ನ ಬಳಿಗೆ ಬಂದ ಹಳೆಯ ಸಣ್ಣ ಕಾರೊಂದಕ್ಕೆ ಒಂದೇ ವರ್ಷದಲ್ಲಿ ಎರಡು ಬಾರಿ ಬ್ಯಾಟರಿ ಬದಲಾಯಿಸಲಾಗಿತ್ತು. ಸಂಜೆ ಸರಾಗವಾಗಿ ಓಡುತ್ತಿದ್ದ ಗಾಡಿ ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳುತ್ತಿರಲಿಲ್ಲ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಜೋಡಿಸಿ, ಎಂಜಿನ್ ಚಾಲೂ ಮಾಡದೆ ಎರಡು ಗಂಟೆ ಬಿಟ್ಟು ಕೈಯಿಟ್ಟು ನೋಡಿದೆ. ಎಂಜಿನ್ ತಣ್ಣಗಿತ್ತು, ಎಂಜಿನ್ನಿನ ಬಲದಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಮೈ ಮಾತ್ರ ಬೆಚ್ಚಗಿತ್ತು. ಬ್ಯಾಟರಿಗಳೆರಡೂ ನಿರಪರಾಧಿಗಳೆಂದು ಆಗಲೇ ಖಾತ್ರಿಯಾಯಿತು.

ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್ ಉತ್ಪಾದಿಸುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು. ಬ್ಯಾಟರಿಗೆ ಬೇಕಾಗುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಈ ಪರಿವರ್ತನೆಯನ್ನು ಮಾಡುವುದು ಹಿಂಭಾಗದಲ್ಲಿರುವ ರೆಕ್ಟಿಫೈಯರ್, ಅಂದರೆ ಮೆಕ್ಯಾನಿಕ್‌ಗಳ ಮಾತಿನ ಡಯೋಡ್ ಪ್ಲೇಟ್. ಸಾಮಾನ್ಯವಾಗಿ ಇದರಲ್ಲಿ ಆರು ಮುಖ್ಯ ಡಯೋಡ್‌ಗಳು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು ಇರುತ್ತವೆ. ಹಳೆಯ ವಿನ್ಯಾಸಗಳಲ್ಲಿ, ಆಲ್ಟರ್ನೇಟರಿನೊಳಗೆ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಗೆ ವಿದ್ಯುತ್ ಕೊಡಲು ಮೂರು ಚಿಕ್ಕ ಡಯೋಡ್‌ಗಳು ಬೇರೆ. ಬ್ಯಾಟರಿಯ ಪಾಸಿಟಿವ್ ಕಡೆಗೆ ಸೇರಿದ ಮುಖ್ಯ ಡಯೋಡ್ ಒಂದು ಶಾರ್ಟ್ ಆದರೆ, ಅಂದರೆ ಎರಡೂ ದಿಕ್ಕಿಗೆ ಹರಿಯಬಿಡುವಂತೆ ಕೆಟ್ಟರೆ, ಬ್ಯಾಟರಿಯ ವಿದ್ಯುತ್ತು ಅದರ ಮೂಲಕ ಹಿಂದಕ್ಕೆ ನುಗ್ಗಿ, ಚಿಕ್ಕ ಡಯೋಡ್‌ಗಳನ್ನು ದಾಟಿ ಫೀಲ್ಡ್ ಸುರುಳಿಯಲ್ಲಿ ರಾತ್ರಿಯಿಡೀ ಹರಿಯುತ್ತಿರುತ್ತದೆ. ಮೂರು ಆಂಪಿಯರ್ ಸೋರಿದರೂ ಹತ್ತು ಗಂಟೆಗೆ 30 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರ ಆಸುಪಾಸಿನದು. ಇಂಥ ಗಾಡಿಗಳಲ್ಲಿ ಕೀ ತಿರುಗಿಸಿದಾಗ ಹೊತ್ತಿಕೊಳ್ಳಬೇಕಾದ ಚಾರ್ಜಿಂಗ್ ದೀಪ ಹೊತ್ತುವುದಿಲ್ಲ, ಬದಲಿಗೆ ಕೀ ತೆಗೆದ ಮೇಲೆ ಮಂದವಾಗಿ ಉರಿಯುತ್ತದೆ. ಮಾಲೀಕರು ಇದನ್ನು ಗಮನಿಸಿಯೂ ಹೇಳಲು ಮರೆಯುತ್ತಾರೆ, ಆದ್ದರಿಂದ ನಾನು ತಪ್ಪದೆ ಕೇಳುತ್ತೇನೆ.

ಡಯೋಡ್ ಶಾರ್ಟ್ ಆಗದೆ ಓಪನ್ ಆದರೆ, ಅಂದರೆ ಯಾವ ದಿಕ್ಕಿಗೂ ಹರಿಯಬಿಡದಿದ್ದರೆ, ಲಕ್ಷಣಗಳೇ ಬೇರೆ. ರಾತ್ರಿ ಸೋರಿಕೆ ಇರುವುದಿಲ್ಲ, ಆದರೆ ಉತ್ಪಾದನೆ ಕುಗ್ಗಿ, ಐಡಲ್‌ನಲ್ಲಿ ಹೆಡ್‌ಲೈಟ್ ಮಿನುಗುತ್ತದೆ, ರೇಡಿಯೋದಲ್ಲಿ ಎಂಜಿನ್ ವೇಗದೊಡನೆ ಏರಿಳಿಯುವ ಕೀರಲು ದನಿ ಕೇಳುತ್ತದೆ, ಆಲ್ಟರ್ನೇಟರೇ ಗೊರಗುಡುವುದೂ ಉಂಟು. ಈ ಗೊರಗುಡುವಿಕೆಯನ್ನು ಬೇರಿಂಗ್ ಸದ್ದೆಂದು ತಿಳಿದು ಬೇರಿಂಗ್ ಹಾಕಿ ಕಳುಹಿಸಿದ ಉದಾಹರಣೆಗಳನ್ನು ಬಹಳ ಕಂಡಿದ್ದೇನೆ.

ಮಲ್ಟಿಮೀಟರಿನಲ್ಲಿ 13.8ರಿಂದ 14.5 ಡಿಸಿ ವೋಲ್ಟ್ ಕಂಡೊಡನೆ ಚಾರ್ಜಿಂಗ್ ಸರಿಯಿದೆಯೆಂದು ತೀರ್ಮಾನಿಸುವುದು ನಮ್ಮ ವೃತ್ತಿಯಲ್ಲಿ ಬೇರೂರಿದ ತಪ್ಪು. ಒಂದು ಡಯೋಡ್ ಓಪನ್ ಆಗಿದ್ದರೂ ಲೋಡ್ ಇಲ್ಲದಾಗ ಈ ಅಂಕಿ ಬರುತ್ತದೆ. ಹೆಡ್‌ಲೈಟ್, ಬ್ಲೋಯರ್ ಹಾಕಿ, ಎಂಜಿನನ್ನು 2000 ಆರ್‌ಪಿಎಂ ಸುತ್ತಿನಲ್ಲಿಟ್ಟು, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಎರಡೂ ಟರ್ಮಿನಲ್‌ಗಳ ನಡುವೆ ಅಳೆಯಬೇಕು. ಕಾಣುವುದು ಡಿಸಿಯಾಗದೆ ಉಳಿದ ಎಸಿ. ಆರೋಗ್ಯವಂತ ರೆಕ್ಟಿಫೈಯರಿನಲ್ಲಿ ಇದು ಬಹಳ ಕಡಿಮೆ, 0.5 ವೋಲ್ಟ್ ದಾಟಿದರೆ ಡಯೋಡ್ ಪ್ಲೇಟನ್ನು ಬಿಚ್ಚಿ ನೋಡಲೇಬೇಕು. ಆದರೆ ಅಗ್ಗದ ಕೆಲವು ಮೀಟರುಗಳು ಎಸಿ ಸ್ಥಾನದಲ್ಲಿ ಡಿಸಿಯನ್ನೂ ಲೆಕ್ಕಕ್ಕೆ ಹಿಡಿದು ಇಪ್ಪತ್ತೆಂಟು ವೋಲ್ಟ್‌ನಷ್ಟು ತೋರಿಸುತ್ತವೆ. ಎಂಜಿನ್ ಚಾಲೂ ಮಾಡುವ ಮೊದಲೇ ಒಮ್ಮೆ ಅಳೆದು, ಸೊನ್ನೆ ಬಾರದಿದ್ದರೆ ಆ ಮೀಟರನ್ನು ಈ ಕೆಲಸಕ್ಕೆ ಬಳಸಬಾರದು.

ಬಿಚ್ಚಿದ ಮೇಲೆ ಸ್ಟೇಟರಿನ, ಅಂದರೆ ಎಸಿ ಹುಟ್ಟುವ ಸ್ಥಿರ ಸುರುಳಿಯ, ತಂತಿಗಳ ಬೆಸುಗೆ ಬಿಡಿಸಿ, ಡಯೋಡ್ ಟೆಸ್ಟ್ ಸ್ಥಾನದಲ್ಲಿ ಒಂದೊಂದನ್ನೂ ಎರಡೂ ದಿಕ್ಕಿನಲ್ಲಿ ನೋಡಬೇಕು. ಒಂದು ಕಡೆ 0.4ರಿಂದ 0.7 ವೋಲ್ಟ್ ಬಂದು, ಇನ್ನೊಂದು ಕಡೆ ಏನೂ ಹರಿಯದಿದ್ದರೆ ಡಯೋಡ್ ಚೆನ್ನಾಗಿದೆ. ಎರಡೂ ಕಡೆ ಹರಿದರೆ ಶಾರ್ಟ್, ಎರಡೂ ಕಡೆ ಹರಿಯದಿದ್ದರೆ ಓಪನ್.

ಆ ಕಾರಿನ ಡಯೋಡ್ ಸುಟ್ಟಿದ್ದು ಜಂಪ್ ಸ್ಟಾರ್ಟ್ ಮಾಡುವಾಗ ಪಾಸಿಟಿವ್, ನೆಗೆಟಿವ್ ಅದಲುಬದಲಾದ ದಿನವೇ ಇರಬೇಕು. ಕಿಡಿ ಹಾರಿದ್ದು ಮಾಲೀಕರಿಗೆ ನೆನಪಿತ್ತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚಿ ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿಯೂ ಡಯೋಡ್‌ಗಳಿಗೆ ಅಷ್ಟೇ ಮಾರಕ, ದಯವಿಟ್ಟು ಯಾರಿಗೂ ಅದನ್ನು ಮಾಡಲು ಬಿಡಬೇಡಿ. ಹೊಸ ಪ್ಲೇಟ್ ಹಾಕಿದ ನಂತರ, ಬರಿದಾದ ಬ್ಯಾಟರಿಯನ್ನು ತುಂಬಿಸುವ ಹೊರೆಯನ್ನು ಅದರ ಮೇಲೆ ಹೇರದೆ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿಯೇ ಜೋಡಿಸಿದೆ, ಮತ್ತೆ ಎಸಿ ವೋಲ್ಟ್ ಅಳೆದು ಗಾಡಿ ಒಪ್ಪಿಸಿದೆ.